ರವೀಂದ್ರನಾಥರೂ ಕನ್ನಡದ ನವೋದಯ ಕಾವ್ಯವೂ

ಕನ್ನಡದ ನವೋದಯ ಕಾವ್ಯದ ಮೇಲೆ ವಂಗಕವಿ ರವೀಂದ್ರನಾಥ ಠಾಕೂರರ ಪ್ರಭಾವವಿತ್ತೆಂಬ ಮಾತು ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಆ ಪ್ರಭಾವದ ಸ್ವರೂಪವೇನು, ಅದು ಯಾವ ದಾರಿಯಿಂದ ಬಂದಿತು, ಬಂದದ್ದರಲ್ಲಿ ನಮಗೆ ದಕ್ಕಿದ್ದೆಷ್ಟು ಎಂದು ಕೇಳುವ ಗೋಜಿಗೆ ಹೋಗುವವರೇ ವಿರಳವಾಗಿದ್ದಾರೆ. ಗುರು ಕೊಟ್ಟನು, ಶಿಷ್ಯನು ಪಡೆದನು ಎಂಬಷ್ಟು ಸರಳವಾದ ವ್ಯವಹಾರ ಇದಲ್ಲ. ನವೋದಯದ ಹಿರಿಯ ಕವಿಗಳು ರವೀಂದ್ರರಿಂದ ಪಡೆದದ್ದು ಧೈರ್ಯವನ್ನು. ಸಾಮಾನ್ಯ ಕವಿಗಳು ಪಡೆದದ್ದು ಧಾಟಿಯನ್ನು. ಉಭಯರಿಗೂ ಕಾಣಿಸಿದ್ದು ಮಾತ್ರ ಆ ಮಹಾಕವಿಯ ಅರ್ಧಭಾಗವೇ ಎಂಬುದು ನನ್ನ ಅಭಿಪ್ರಾಯ.

ರವೀಂದ್ರರಿಗೂ ನಮ್ಮ ನಾಡಿಗೂ ಇದ್ದ ನಂಟು ಅವರ ಕೀರ್ತಿಗಿಂತ ಹಳೆಯದು. 1883ರಲ್ಲಿ, ಇಪ್ಪತ್ತೆರಡರ ತರುಣನಾಗಿದ್ದಾಗ, ಅವರು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರಕ್ಕೆ ಬಂದು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ತಂಗಿದ್ದರು. ಗಾಳಿಮರಗಳ ತೋಪು, ಗುಡ್ಡಗಳ ನಡುವೆ ಅಡಗಿದ ಬಂದರು, ಬೆಳದಿಂಗಳ ರಾತ್ರಿಯಲ್ಲಿ ಕಾಳೀ ನದಿಯ ಮೇಲೆ ದೋಣಿಯಲ್ಲಿ ಸಾಗಿ, ಮರಳುವಾಗ ಅಳಿವೆಯ ಬಳಿ ಇಳಿದು ಉಸುಕಿನ ಮೇಲೆ ನಡೆದು ಮನೆ ಸೇರಿದ್ದು—ಇವೆಲ್ಲವನ್ನೂ ಅವರು ಬಹುಕಾಲದ ಮೇಲೆ ‘ಜೀವನಸ್ಮೃತಿ’ಯಲ್ಲಿ ಪ್ರೀತಿಯಿಂದ ನೆನೆದಿದ್ದಾರೆ. ಆ ವಾಸದ ಫಲವೇ ‘ಪ್ರಕೃತಿರ್ ಪ್ರತಿಶೋಧ’ ಎಂಬ ಕಾವ್ಯನಾಟಕ. ಪ್ರಕೃತಿಯನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಅಕ್ಕರೆ ಮತ್ತೆ ಲೋಕಕ್ಕೆ ಎಳೆತರುತ್ತದೆ. ಅನಂತವು ಸಾಂತದ ಹೊರಗಿಲ್ಲ, ಅದರೊಳಗೇ ಇದೆಯೆಂದು ಅವನು ಕಂಡುಕೊಳ್ಳುತ್ತಾನೆ. ತಮ್ಮ ಮುಂದಿನ ಬರೆಹಕ್ಕೆಲ್ಲ ಇದೇ ಪೀಠಿಕೆಯೆಂದು ಕವಿಯೇ ಬರೆದುಕೊಂಡಿರುವುದರಿಂದ, ರವೀಂದ್ರದರ್ಶನದ ಮೊದಲ ಮೊಳಕೆ ಒಡೆದದ್ದು ಕನ್ನಡ ಕರಾವಳಿಯಲ್ಲಿ ಎಂದರೆ ಅತಿಶಯೋಕ್ತಿಯಾಗದು.

ಅವರ ಕಾವ್ಯವು ಕನ್ನಡಿಗರನ್ನು ತಲಪಿದ್ದು ಮಾತ್ರ ಕಾರವಾರದ ಮೂಲಕವಲ್ಲ, ಲಂಡನ್ನಿನ ಮೂಲಕ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅದಕ್ಕೆ ಒಂದು ತಲೆಮಾರು ಮುಂಚೆ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಶ್ರದ್ಧೆಯಿಂದ ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ಮೂಲದಿಂದಲೇ ಕನ್ನಡಕ್ಕೆ ತಂದಿದ್ದರು. ಕನ್ನಡಕ್ಕೆ ಕಾದಂಬರಿಯ ರುಚಿ ಹತ್ತಿದ್ದರಲ್ಲಿ ಅವರ ಪಾಲು ದೊಡ್ಡದು. ಕಾವ್ಯದ ವಿಷಯದಲ್ಲಿ ಆ ಶ್ರಮಕ್ಕೆ ನಮ್ಮವರು ಬಹುಮಟ್ಟಿಗೆ ಕೈಹಾಕಲಿಲ್ಲ. 1912ರಲ್ಲಿ ಪ್ರಕಟವಾಗಿ ಮರುವರ್ಷವೇ ನೊಬೆಲ್ ಪುರಸ್ಕಾರವನ್ನು ತಂದುಕೊಟ್ಟ ಇಂಗ್ಲಿಷ್ ಗೀತಾಂಜಲಿಯೇ ಅವರಿಗೆ ರವೀಂದ್ರನಾಥರಾಯಿತು. ಆ ಪುಸ್ತಕದ 103 ರಚನೆಗಳಲ್ಲಿ ಬಂಗಾಳಿ ಗೀತಾಂಜಲಿಯಿಂದ ಬಂದವು 53 ಮಾತ್ರ. ಉಳಿದವು ಬೇರೆ ಬೇರೆ ಸಂಕಲನಗಳಿಂದ ಆಯ್ದವು. ಆಯ್ಕೆಯಲ್ಲಿ ಭಕ್ತಿಯ ಸ್ವರವೊಂದೇ ಮುಂದಾಯಿತು. ಅನುವಾದದಲ್ಲಿ ಛಂದಸ್ಸು, ಪ್ರಾಸ, ರಾಗ, ಪಲ್ಲವಿಗಳೆಲ್ಲವೂ ಕಳಚಿಬಿದ್ದು, ಹಾಡಬೇಕಾದ ಕೃತಿ ಓದುವ ಗದ್ಯವಾಯಿತು. ತಾಳಕ್ಕೆ ಕಟ್ಟಿದ, ಮಣ್ಣಿನ ವಾಸನೆಯಿಂದ ಕೂಡಿದ ಬಂಗಾಳಿ ಗೀತೆಗಳ ಜಾಗದಲ್ಲಿ ನಮ್ಮವರ ಕೈಗೆ ಬಂದದ್ದು ಮೃದುವಾದ, ಮಸುಕಾದ, ಬೈಬಲ್ಲಿನ ಛಾಯೆಯ ಗದ್ಯ.

ಇಷ್ಟಾದರೂ ಹಿರಿಯ ಕವಿಗಳು ಆ ಗದ್ಯದಲ್ಲಿ ಸಿಕ್ಕಿಬೀಳಲಿಲ್ಲವೆಂಬುದೇ ನವೋದಯದ ಭಾಗ್ಯ. ದೇಶಭಾಷೆಯಲ್ಲಿ, ಸಂತರ ಹಾಡಿನ ಪರಂಪರೆಯನ್ನು ಬಿಟ್ಟುಕೊಡದೆ, ಆಧುನಿಕನಾಗಿ ಬರೆದು ಲೋಕಮಾನ್ಯನಾಗಬಹುದೆಂಬ ಭರವಸೆಯನ್ನು ಅವರು ಅದರಿಂದ ಹೀರಿಕೊಂಡು, ಆ ಭರವಸೆಯ ಬಲದಿಂದ ತಮ್ಮ ಮನೆಯ ಭಂಡಾರಕ್ಕೇ ಮರಳಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಬಿನ್ನಹ’ 1922ರಲ್ಲಿ ಬಂದಾಗ ಅದರ ಆತ್ಮನಿವೇದನೆಯಲ್ಲಿ ಗೀತಾಂಜಲಿಯ ನೆನಪು ಸುಳಿಯುವುದು ಸಹಜ. ಆದರೆ ಅಲ್ಲಿಯ ಮಾತಿನ ಹದ, ದೇವರೊಡನೆ ಮನೆಯ ಹಿರಿಯನೊಡನೆಂಬಂತೆ ನಡೆಸುವ ವಿನಯದ ಸಲ್ಲಾಪ, ಇವು ದಾಸರ ಪದಗಳ ಬಳುವಳಿ. ರವೀಂದ್ರರ ನೂರೊಂದು ಕವನಗಳನ್ನು ಕನ್ನಡಿಸಿದ ಬೇಂದ್ರೆಯವರಂತೂ ತಮ್ಮ ಸ್ವಂತ ಕಾವ್ಯದಲ್ಲಿ ಧಾರವಾಡದ ಆಡುಮಾತು, ಲಾವಣಿ, ತ್ರಿಪದಿ, ಜೋಗಿ ದಾಸಯ್ಯರ ಧಾಟಿಗಳನ್ನು ಹಿಡಿದು, ಇಂಗ್ಲಿಷ್ ಗೀತಾಂಜಲಿ ಕಳೆದುಕೊಂಡಿದ್ದ ಹಾಡನ್ನು ಕನ್ನಡದಲ್ಲಿ ಮರಳಿ ಗಳಿಸಿದರು. ಬಂಗಾಳದ ಬಾವುಲ ಹಾಡುಗಾರರಿಂದ ರವೀಂದ್ರರು ಏನನ್ನು ಪಡೆದರೋ ಅದನ್ನು ಬೇಂದ್ರೆ ನಮ್ಮ ಜನಪದದಿಂದ ಪಡೆದರು. ಇದನ್ನು ಅನುಕರಣವೆನ್ನಲಾಗದು, ಒಂದೇ ಬಗೆಯ ಎರಡು ಸಾಧನೆಗಳೆನ್ನುವುದೇ ಸರಿ.

ಕುವೆಂಪು ಅವರದು ಇನ್ನೊಂದು ಬಗೆ. 1919ರಲ್ಲಿ ನಮ್ಮ ಗಡಿಯಾಚೆಯ ಮದನಪಲ್ಲಿಯ ಕಾಲೇಜಿನಲ್ಲಿ ರವೀಂದ್ರರನ್ನು ಬರಮಾಡಿಕೊಂಡವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ‘ಜನಗಣಮನ’ವನ್ನು ಕವಿಯು ಇಂಗ್ಲಿಷಿಗೆ ತಿರುಗಿಸಿದ್ದು ಅಲ್ಲಿಯೇ. ಅದೇ ಕಸಿನ್ಸರು 1924ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರೆಂದು ಬುದ್ಧಿ ಹೇಳಿದರು. ಆ ಸಲಹೆಯ ಹಿಂದೆ ರವೀಂದ್ರರ ನಿದರ್ಶನವಿದ್ದಿರಬೇಕೆಂದು ನಾನು ಊಹಿಸುತ್ತೇನೆ. ಕುವೆಂಪು ರವೀಂದ್ರರ ಈ ಸಂಬಂಧದ ಪರಿಣಾಮ ಬೆಂಗಳೂರಿನ ನಮ್ಮ ಹೊಸಹಳ್ಳಿ, ವಿಜಯನಗರ ಬಡಾವಣೆಗಳ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ಕಿವಿಗೆ ಬೀಳುತ್ತದೆ: ಕುವೆಂಪು ಅವರ ನಾಡಗೀತೆ, ರವೀಂದ್ರರ ರಾಷ್ಟ್ರಗೀತೆ, ಎರಡನ್ನೂ ಅದೇ ಮಕ್ಕಳು ಹಾಡುತ್ತಾರೆ. ಸಂಬೋಧನೆ, ಜಯಘೋಷ, ಗಿರಿನದಿಗಳ ನಾಮಾವಳಿ, ಹೀಗೆ ಚೌಕಟ್ಟು ಎರಡರಲ್ಲಿಯೂ ಒಂದೇ. ಆದರೆ ರಾಷ್ಟ್ರಗೀತೆಯಾಗಿ ನಾವು ಹಾಡುವ ಭಾಗದಲ್ಲಿ ವ್ಯಕ್ತಿಯೊಬ್ಬರ ಹೆಸರೂ ಇಲ್ಲ; ಕುವೆಂಪು ಆ ಚೌಕಟ್ಟಿನೊಳಗೆ ಪಂಪ, ರನ್ನ, ಜನ್ನರನ್ನೂ ಬಸವೇಶ್ವರ, ಮಧ್ವರನ್ನೂ ಡಂಕಣ, ಜಕಣರನ್ನೂ ಕರೆತಂದು, ನಾಡನ್ನು ಅದರ ಕವಿಗಳೂ ಗುರುಗಳೂ ಶಿಲ್ಪಿಗಳೂ ಕಟ್ಟಿದ ಬೀಡನ್ನಾಗಿ ಕಂಡರು. ಬಂಗಾಳದ ಚೈತನ್ಯ, ಪರಮಹಂಸ, ವಿವೇಕಾನಂದರಿಗೂ ಆ ಹಾಡಿನಲ್ಲಿ ಸ್ಥಾನವಿದೆ, ರವೀಂದ್ರರಿಗಿಲ್ಲ. ಕುವೆಂಪು ಅವರಿಗೆ ಬಂಗಾಳವೆಂದರೆ ಠಾಕೂರರ ಮನೆಯಿದ್ದ ಜೋಡಾಸಾಂಕೊಗಿಂತ ಹೆಚ್ಚಾಗಿ ವಿವೇಕಾನಂದರ ಬೇಲೂರು ಮಠವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ಧಾಟಿಯನ್ನು ಮಾತ್ರ ಹಿಡಿದ ಕವಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ವೀಣೆ, ಹಣತೆ, ದೋಣಿ, ಆಚೆಯ ದಡ, ಬಾಗಿಲಲ್ಲಿ ನಿಂತ ಅತಿಥಿ—ಈ ಸಾಮಗ್ರಿಯಿಂದ ಆ ಕಾಲದ ಪತ್ರಿಕೆಗಳ ಪುಟಗಳು ತುಂಬಿದವು. ಅನುಭವವಿಲ್ಲದ ಅನುಭಾವ ಅಗ್ಗವಾಯಿತು.

ಇನ್ನು ನಮ್ಮ ಕವಿಗಳಿಗೆ ಕಾಣಿಸದೆಹೋದ ಅರ್ಧಭಾಗದ ಮಾತು. 1928ರ ಬೇಸಿಗೆಯಲ್ಲಿ, ಆಕ್ಸ್‌ಫರ್ಡಿನ ಉಪನ್ಯಾಸಕ್ಕೆಂದು ಹೊರಟು, ಆರೋಗ್ಯ ಕೆಟ್ಟು ಪ್ರಯಾಣವನ್ನು ಕೈಬಿಟ್ಟ ರವೀಂದ್ರರು ಬೆಂಗಳೂರಿಗೆ ಬಂದು, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಮಿತ್ರ ಬ್ರಜೇಂದ್ರನಾಥ ಸೀಲರ ಆತಿಥ್ಯದಲ್ಲಿ ಬಾಲಬ್ರೂಯಿ ಬಂಗಲೆಯಲ್ಲಿ ಇಳಿದುಕೊಂಡರು. ‘ಶೇಷೇರ್ ಕವಿತಾ’ ಎಂಬ ಕಾದಂಬರಿಯನ್ನು ಅವರು ಮುಗಿಸಿದ್ದು ಇಲ್ಲಿ. ಅದರ ನಾಯಕ ಅಮಿತನು ರವೀಂದ್ರನಾಥರ ಕಾಲ ಮುಗಿಯಿತೆಂದು ಸಭೆಯಲ್ಲಿ ವಾದಿಸಿ, ನಿವಾರಣ ಚಕ್ರವರ್ತಿಯೆಂಬ ಕಲ್ಪಿತ ಕವಿಯೊಬ್ಬನನ್ನು ಅವರಿಗೆದುರಾಗಿ ನಿಲ್ಲಿಸುತ್ತಾನೆ. ‘ಕಲ್ಲೋಲ’ ಪತ್ರಿಕೆಯ ಸುತ್ತ ನೆರೆದ ತರುಣರು ತಮ್ಮ ಮೇಲೆ ಹೂಡಿದ್ದ ದಂಗೆಯನ್ನು ಅರವತ್ತೇಳರ ವೃದ್ಧಕವಿಯು ತನ್ನ ಕಥೆಯೊಳಕ್ಕೇ ಬರಮಾಡಿಕೊಂಡು, ಅದಕ್ಕೆ ಜೀವವನ್ನೂ ಲವಲವಿಕೆಯನ್ನೂ ಕೊಟ್ಟು, ಆ ಮೂಲಕ ತನ್ನನ್ನೇ ಹೊಸದಾಗಿ ಕಡೆದುಕೊಳ್ಳುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ಕೂತು ಅವರು ಹೀಗೆ ಬರೆಯುತ್ತಿರುವಾಗ, ಕನ್ನಡದ ಬಹುಪಾಲು ಕವಿಗಳು ಆರಾಧಿಸುತ್ತಿದ್ದುದು ಕವಿಯೇ ಹಿಂದೆ ಬಿಟ್ಟುಬಂದಿದ್ದ ಗೀತಾಂಜಲಿಯ ಋಷಿಯನ್ನು.

ಇದರ ಬೆಲೆಯನ್ನು ಮುಂದಿನ ತಲೆಮಾರು ತೆತ್ತಿತು. 1954ರಲ್ಲಿ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಬಂದು ನವ್ಯವು ಗಟ್ಟಿಯಾಗಿ ನಿಂತಾಗ, ನವೋದಯದ ಭಾವುಕತೆಯೊಡನೆ ರವೀಂದ್ರರನ್ನೂ ಒಟ್ಟಿಗೇ ಬದಿಗೆ ಸರಿಸುವ ರೂಢಿ ಬೆಳೆಯಿತು. ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್ ಆ ಹೊಸ ಕಾವ್ಯಕ್ಕೆ ಪ್ರಮಾಣವಾದರು. ಆದರೆ ಎಲಿಯಟ್ಟರ ಕವಿತೆಯೊಂದನ್ನು ಮೂವತ್ತರ ದಶಕದಲ್ಲಿಯೇ ಬಂಗಾಳಿ ಗದ್ಯಕವಿತೆಯಾಗಿ ಪರಿವರ್ತಿಸಿದವರು ರವೀಂದ್ರರೇ. ‘ಪುನಶ್ಚ’ದ ಗದ್ಯಕವಿತೆಗಳಲ್ಲಿ ಬೀದಿ, ಬಡಗುಮಾಸ್ತೆ, ಬಾಡಿಗೆಯ ಕೋಣೆಗಳಿಗೆ ಎಡೆಮಾಡಿಕೊಟ್ಟವರೂ ಅವರೇ. ಅಡಿಗರ ಬಂಡಾಯವು ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಆದರೆ ಅದು ಎದುರಿಸಿದ್ದು ರವೀಂದ್ರರನ್ನಲ್ಲ, ಕನ್ನಡದ ಅನುಕರಣಕಾರರು ಕಡೆದಿಟ್ಟ ಅವರ ಪ್ರತಿಮೆಯನ್ನು. ಮೂಲದ ಪರಿಚಯವಿದ್ದಿದ್ದರೆ ನವ್ಯರಿಗೆ ಅವರಲ್ಲಿಯೇ ಒಬ್ಬ ಹಿರಿಯ ಸಹಚರನು ಸಿಗುತ್ತಿದ್ದನು.

ಇಂದು ಬೆಂಗಳೂರಿನಲ್ಲಿ ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಜನ್ಮಶತಾಬ್ದಿಯ ಸ್ಮರಣೆಗಾಗಿ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದಲ್ಲಿ. ನಾಟಕ ನೋಡಲು ಹೊಸಹಳ್ಳಿಯಿಂದ ಮೆಟ್ರೋ ಹತ್ತಿ ಅಲ್ಲಿಗೆ ಹೋಗುವವರಲ್ಲಿ ಅವರ ನಾಟಕವನ್ನೊಂದಾದರೂ ಓದಿದವರು ಎಷ್ಟು ಮಂದಿ ಇದ್ದಾರು? ಅಹೋಬಲ ಶಂಕರರಂತಹ ಕೆಲವರು ಬಂಗಾಳಿಯಿಂದ ನೇರವಾಗಿ ಅನುವಾದಿಸಿ ವೆಂಕಟಾಚಾರ್ಯರ ದಾರಿಯನ್ನು ಮುಚ್ಚಿಹೋಗದಂತೆ ಕಾಯ್ದರು. ಆ ಸಾಲು ಬೆಳೆಯಬೇಕು. ಬೆಂಗಳೂರಿನ ಹಂಪಿನಗರದ ಗ್ರಂಥಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಪರೀಕ್ಷೆಗಳಿಗಾಗಿ ಓದುವ ಬುದ್ಧಿವಂತ ತರುಣ ತರುಣಿಯರಲ್ಲಿ ಕಾವ್ಯದ ಒಲವಿರುವ ಇಬ್ಬರು ಮೂವರಾದರೂ ಬಂಗಾಳಿ ಲಿಪಿಯನ್ನು ಕಲಿತು, ‘ಬಲಾಕಾ’ವನ್ನೂ ‘ಪುನಶ್ಚ’ವನ್ನೂ ಮೂಲದಲ್ಲಿ ಓದಿ, ಅವುಗಳ ಲಯದ ಸಮೇತ ಕನ್ನಡಕ್ಕೆ ತರಲು ತೊಡಗಬೇಕೆಂದು ಕೇಳಿಕೊಳ್ಳುತ್ತೇನೆ. ಬಂಗಾಳಿ ಮಾತನಾಡುವವರು ಈಗ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ನೆರೆಯವರಾಗಿ ಸಿಗುತ್ತಾರೆ. ವೆಂಕಟಾಚಾರ್ಯರಿಗೆ ಆ ಅನುಕೂಲ ಇರಲಿಲ್ಲ.