ಮೈಕಿಗಿಂತ ಮೊದಲು ಕೋಣೆ

ಈ ವಾರ ಮನೆಯ ಸ್ಟುಡಿಯೊ ಬಗ್ಗೆ ಬರೆಯುತ್ತೇನೆ ಎಂದು ಹೇಳಿದ್ದೇ ತಡ, ಬಂದ ಪ್ರಶ್ನೆಗಳೆಲ್ಲ ಹೆಚ್ಚೂಕಡಿಮೆ ಒಂದೇ: ನಮ್ಮ ಮೆಟಲ್ ಬ್ಯಾಂಡನ್ನು ನಾವೇ ರೆಕಾರ್ಡ್ ಮಾಡಬೇಕು, ಯಾವ ಮೈಕ್ ತಗೊಳ್ಳಲಿ? ಶೂರ್ ಎಸ್‌ಎಂ57 ತಗೊಳ್ಳಿ. 1965ರಿಂದ ಬರುತ್ತಿರುವ ಮೈಕ್ ಅದು. ಗಿಟಾರ್ ಕ್ಯಾಬಿನ ಮುಂದಕ್ಕೂ ಆಗುತ್ತದೆ, ಸ್ನೇರಿಗೂ ಆಗುತ್ತದೆ. ನಕಲಿ ಮಾಲು ವಿಪರೀತ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಇಂಟರ್‌ಫೇಸ್ ಕೊಳ್ಳುವಾಗ ಎಂಟು ಇನ್‌ಪುಟ್ ಇರುವುದನ್ನೇ ನೋಡಿ. ಕಿಕ್ಕಿಗೆ ಒಂದು, ಸ್ನೇರಿಗೆ ಒಂದು, ಓವರ್‌ಹೆಡ್ ಎರಡು, ಟಾಮ್‌ಗಳಿಗೆ ಎರಡೋ ಮೂರೋ ಎಂದರೆ ಲೆಕ್ಕ ಅಲ್ಲಿಗೇ ಬಂತು. ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಕೋಣೆ ಎಷ್ಟಡಿ?

ನಮ್ಮ ಮನೆಗಳಲ್ಲಿ ಇದಕ್ಕೆಂದು ಸಿಗುವುದು ಹತ್ತಡಿ ಅಗಲದ ರೂಮು. ಹತ್ತಡಿ ಅಂದರೆ ಸುಮಾರು ಮೂರು ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಈ ಲೆಕ್ಕದಲ್ಲಿ 56 ಹರ್ಟ್ಸ್ ಆಸುಪಾಸಿನ ಸದ್ದು ಎದುರುಬದುರು ಗೋಡೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಗೋಡೆಯ ಪಕ್ಕ ಅದು ಜೋರು, ನಟ್ಟನಡುವೆ ಕೇಳುವುದೇ ಇಲ್ಲ. ಬಾಸ್ ಗಿಟಾರಿನ ಎ ತಂತಿಯನ್ನು ಬೆರಳೊತ್ತದೆ ಮೀಟಿದರೆ ಹೊರಡುವ ಸ್ವರ 55 ಹರ್ಟ್ಸ್! ಮಿಕ್ಸಿಂಗಿಗೆ ಕುರ್ಚಿ ಹಾಕಿಕೊಳ್ಳುವುದು ರೂಮಿನ ಮಧ್ಯಕ್ಕೇ. ಬಾಸ್ ಕೇಳುತ್ತಿಲ್ಲವೆಂದು ಏರಿಸುತ್ತೀರಿ, ಇನ್ನೂ ಸಾಲದೆಂದು ಮತ್ತೆ ಏರಿಸುತ್ತೀರಿ. ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಬಾಗಿಲೆಲ್ಲ ಗಡಗಡ, ಗಿಟಾರ್ ಎಲ್ಲಿದೆಯೋ ಗೊತ್ತಾಗುವುದಿಲ್ಲ. ಎಷ್ಟು ಬೆಲೆಯ ಮೈಕ್ ತಂದರೂ ಇದಕ್ಕೆ ಅದರಲ್ಲಿ ಪರಿಹಾರವಿಲ್ಲ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರ ಜೊತೆ ನನ್ನ ಜಗಳ ಹಳೆಯದು. ಆ ತೆಳು ಕಾಗದದ ತಟ್ಟೆ ಮೇಲಿನ ಸ್ವರಗಳನ್ನು ಒಂದಿಷ್ಟು ಚದುರಿಸೀತು, ಅಷ್ಟೆ. ಕೆಳಗಿನ ಸದ್ದಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಂಕಿ ತಗುಲಿದರಂತೂ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಇನ್ಸುಲೇಷನ್ ಸಾಮಾನು ಮಾರುವ ಅಂಗಡಿಯಲ್ಲಿ ರಾಕ್‌ವೂಲ್ ಸ್ಲ್ಯಾಬ್ ಕೇಳಿ. ನಾಲ್ಕಿಂಚು ದಪ್ಪಕ್ಕೆ ಮರದ ಚೌಕಟ್ಟು ಹೊಡೆಸಿ, ಹತ್ತಿ ಬಟ್ಟೆ ಬಿಗಿದು, ಗೋಡೆಯಿಂದ ಸ್ವಲ್ಪ ಬಿಟ್ಟು ಮೂಲೆಗಳಲ್ಲಿ ನಿಲ್ಲಿಸಿ. ಮುಟ್ಟುವಾಗ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಪಕ್ಕದ ಮನೆಗೆ ಹೋಗುವ ಸದ್ದು ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ಗೋಡೆಯನ್ನೇ ಬೇರೆ ಕಟ್ಟಬೇಕು. ಹಾಗಾಗಿ ಡ್ರಮ್ ಮಾತ್ರ ಗಂಟೆ ಲೆಕ್ಕದ ಜ್ಯಾಮ್ ರೂಮಿನಲ್ಲಿ ರೆಕಾರ್ಡ್ ಮಾಡಿ ತನ್ನಿ, ಉಳಿದದ್ದನ್ನು ಮನೆಯಲ್ಲಿ ಮಾಡಿ.

ಗಿಟಾರಿಗೆ ಯಾವ ಆಂಪ್, ಯಾವ ಕ್ಯಾಬ್ ಎಂದು ಬರೆಯುವುದಿತ್ತು. ಅದಕ್ಕಿಂತ ಒಂದು ಪೆಡಲಿನ ಕತೆ ಹೇಳುವುದು ಮೇಲು. ಬಾಸ್ (Boss) ಎಂಬ ಕಂಪನಿಯ ಎಚ್‌ಎಂ-2 ಬಂದದ್ದು 1983ರಲ್ಲಿ. ಹೆವಿ ಮೆಟಲ್ ಎಂದು ಮೈಮೇಲೇ ಬರೆದುಕೊಂಡಿದ್ದ ಕಪ್ಪು ಪೆಡಲು, ನಾಲ್ಕು ನಾಬ್. 1991ಕ್ಕೆ ಕಂಪನಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಸ್ಟಾಕ್‌ಹೋಮಿನ ಹುಡುಗರು ಆ ನಾಲ್ಕೂ ನಾಬ್‌ಗಳನ್ನು ಪೂರ್ತಿ ಬಲಕ್ಕೆ ತಿರುಗಿಸಿಯಾಗಿತ್ತು. ತೋಮಾಸ್ ಸ್ಕೋಗ್ಸ್‌ಬರ್ಗ್ ಅವರ ಸನ್‌ಲೈಟ್ ಸ್ಟುಡಿಯೊದಲ್ಲಿ ರೆಕಾರ್ಡ್ ಆಗಿ 1990ರಲ್ಲಿ ಬಂದ ಎಂಟೂಂಬ್ಡ್ ಬ್ಯಾಂಡಿನ 'ಲೆಫ್ಟ್ ಹ್ಯಾಂಡ್ ಪಾತ್' ಕೇಳಿ. ಮೊದಲ ರಿಫ್ಫಿನಲ್ಲೇ ಗಿಟಾರ್ ಮರ ಕೊಯ್ಯುವ ಗರಗಸದಂತೆ ಎದ್ದುಬರುತ್ತದೆ. ಒರಟು ಹಲ್ಲು, ಅದರಡಿಯಲ್ಲಿ ದಪ್ಪ ತಳ. ಸ್ವೀಡನ್ನಿನ ಡೆತ್ ಮೆಟಲ್ ಎಂದರೆ ಈಗಲೂ ಕಿವಿಗೆ ಮೊದಲು ಬರುವುದು ಆ ಸದ್ದು. ದುಬಾರಿ ಸಾಮಾನಿನಿಂದ ಹುಟ್ಟಿದ ಸದ್ದಲ್ಲ. ತಮಗೆ ಏನು ಬೇಕೆಂಬುದು ಆ ಹುಡುಗರಿಗೆ ಗೊತ್ತಿತ್ತು, ಮೈಕ್ ಇಡುವ ಮೊದಲೇ ಅದು ಸ್ಪೀಕರಿನಿಂದ ಹೊರಡುತ್ತಿತ್ತು. ಮೈಕ್ ಇದ್ದದ್ದನ್ನು ಹಿಡಿದುಕೊಡುತ್ತದೆ, ಅಷ್ಟೇ ಅದರ ಕೆಲಸ.

ರಾತ್ರಿ ಹನ್ನೊಂದಕ್ಕೆ ಅಪಾರ್ಟ್‌ಮೆಂಟಿನಲ್ಲಿ ಆಂಪ್ ಹಾಕಲಾಗದು ಎಂಬುದು ನನಗೂ ಗೊತ್ತು. ಕಂಪ್ಯೂಟರಿನ ಆಂಪ್ ಬಳಸಿ, ಗಿಟಾರಿನ ಒಣ (ಆಂಪ್, ಎಫೆಕ್ಟ್ ಇಲ್ಲದ) ಸಿಗ್ನಲ್ ಮಾತ್ರ ಬೇರೆಯಾಗಿ ಉಳಿಸಿಕೊಳ್ಳಿ. ಎಡಕ್ಕೊಂದು, ಬಲಕ್ಕೊಂದು ಎಂದು ಅದೇ ರಿಫ್ಫನ್ನು ಎರಡು ಸಲ ನುಡಿಸಿ. ಕಾಪಿ ಮಾಡಿ ಅಂಟಿಸಿದರೆ ಅಗಲ ಬರುವುದಿಲ್ಲ. ನಾನು ಒಪ್ಪದಿರುವುದು ಡ್ರಮ್ಮರ್ ಕಣ್ಣೆದುರೇ ಕೂತಿರುವಾಗ ಡ್ರಮ್ಮನ್ನು ಪ್ರೋಗ್ರಾಮ್ ಮಾಡುವವರನ್ನು, ಅವನು ಬಾರಿಸಿದ ಪ್ರತಿ ಏಟಿನ ಜಾಗದಲ್ಲೂ ಬೇರೆ ಯಾರದೋ ಸ್ನೇರಿನ ಸ್ಯಾಂಪಲ್ ಕೂರಿಸುವವರನ್ನು. ಮೆಶುಗಾ ಬ್ಯಾಂಡ್ 2005ರ 'ಕ್ಯಾಚ್ ಥರ್ಟಿಥ್ರೀ' ಆಲ್ಬಮ್ಮಿನಲ್ಲಿ ಪ್ರೋಗ್ರಾಮ್ ಮಾಡಿದ ಡ್ರಮ್ಮನ್ನೇ ಬಳಸಿತು ಎಂದು ಅವರು ವಾದಿಸುತ್ತಾರೆ. ಹೌದು, ಆ ಸಂಗೀತ ಅದನ್ನು ತಾಳಿಕೊಂಡಿತು. ಸ್ನೇರನ್ನೂ ಕಿಕ್ಕನ್ನೂ ಎಡೆಬಿಡದೆ ಅತಿ ವೇಗವಾಗಿ ಬಾರಿಸುವ ಬ್ಲಾಸ್ಟ್‌ಬೀಟ್ ಬೇರೆ. ಅಷ್ಟು ವೇಗದಲ್ಲಿ ಸ್ನೇರಿನ ಏಟು ಒಂದು ಗಟ್ಟಿ, ಒಂದು ಮೆದು ಬೀಳುತ್ತದೆ. ಕೈ ಸೋಲುತ್ತಿರುವುದು, ಆದರೂ ಬಿಡದಿರುವುದು ಎರಡೂ ಕೇಳಿಸುತ್ತವೆ. ಎಲ್ಲ ಏಟನ್ನೂ ಸಮ ಮಾಡಿದರೆ ಅಲ್ಲಿ ಮನುಷ್ಯನೇ ಇರುವುದಿಲ್ಲ.

ಡ್ರಮ್ಮಿನ ಸ್ಕಿನ್ ಹಳೆಯದಾಗಿ ಸ್ನೇರ್ ಡಬಡಬ ಎನ್ನತೊಡಗಿದಾಗಲೇ ಈ ಸ್ಯಾಂಪಲ್ ಮೋಹ ಶುರುವಾಗುವುದು. ಈ ತಿಂಗಳು ದುಡ್ಡು ಕೂಡಿಟ್ಟವರು ಎರಡನೇ ಮೈಕ್ ಕೊಳ್ಳಬೇಡಿ. ಸ್ನೇರಿಗೂ ಕಿಕ್ಕಿಗೂ ಹೊಸ ಸ್ಕಿನ್ ಹಾಕಿಸಿ, ಉಳಿದದ್ದರಲ್ಲಿ ರಾಕ್‌ವೂಲ್ ತನ್ನಿ. ಸ್ಕಿನ್ ಬಿಗಿಯುವುದು ಹೇಗೆಂದು ಮುಂದಿನ ವಾರ ಬರೆಯುತ್ತೇನೆ.