ಜಾಲತಾಣಗಳ ಮೇಲುಕೀಳಿನ ಎಣಿಕೆ

ಗ್ರಂಥವೊಂದರ ಯೋಗ್ಯತೆಯನ್ನು ಅದರ ಎಷ್ಟು ಪ್ರತಿಗಳು ಮಾರಿಹೋದುವೆಂಬುದರಿಂದ ನಿರ್ಣಯಿಸಲಾಗದೆಂಬುದು ವಿಮರ್ಶಕರೆಲ್ಲರೂ ಒಪ್ಪಿದ ಮಾತು. ಆದರೂ ಆ ಎಣಿಕೆಗೆ ಒಂದು ಆಧಾರವಿದ್ದಿತು. ಸಂದೇಹ ಬಂದವನು ಪ್ರಕಾಶಕನ ಖಾತೆಯ ಪುಸ್ತಕವನ್ನು ತೆರೆಯಿಸಿ ನೋಡಬಹುದಾಗಿತ್ತು. ಅಂತರ್ಜಾಲದ ಬರೆಹಕ್ಕೆ ಅಷ್ಟರ ಆಸರೆಯೂ ಇಲ್ಲ. ಇಂಥ ಜಾಲತಾಣಕ್ಕೆ ಲೋಕದಲ್ಲಿ ಇಷ್ಟನೆಯ ಸ್ಥಾನವೆಂದು ಸಾರುವ ಪಟ್ಟಿಗಳನ್ನು ನಂಬಿ ಜಾಹೀರಾತುದಾರರು ಹಣ ಕೊಡುವರು. ಸಂಪಾದಕರು ಬೀಗುವರು, ಇಲ್ಲವೆ ಕುಗ್ಗುವರು. ಪಟ್ಟಿಯು ಹುಟ್ಟಿದ ಬಗೆಯನ್ನು ಕೇಳುವವರು ಮಾತ್ರ ವಿರಳ.

ಇವುಗಳಲ್ಲಿ ಬಹುಕಾಲ ಮೆರೆದುದು ಅಲೆಕ್ಸಾ. 1996ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಸಂಸ್ಥೆಯನ್ನು 1999ರಲ್ಲಿ ಅಮೆಜಾನ್ ಕೊಂಡಿತು; 2022ರ ಮೇ 1ರಂದು ಅದು ಮುಚ್ಚಿಹೋಯಿತು. ಅದು ಲೋಕದ ಓದುಗರೆಲ್ಲರನ್ನೂ ಎಣಿಸುತ್ತಿದ್ದಿತೆಂದು ಬಹುಜನರ ಭಾವನೆಯಾಗಿತ್ತು. ವಾಸ್ತವವಾಗಿ, ಟೂಲ್‌ಬಾರ್ ಮೊದಲಾದ ಉಪಕರಣಗಳನ್ನು ತಮ್ಮ ಗಣಕಯಂತ್ರಕ್ಕೆ ಅಳವಡಿಸಿಕೊಂಡವರು ಎಲ್ಲೆಲ್ಲಿಗೆ ಹೋದರೆಂಬುದನ್ನು ಕೂಡಿಹಾಕಿ, ಅದರಿಂದ ಉಳಿದವರ ನಡೆಯನ್ನು ಅದು ಊಹಿಸುತ್ತಿತ್ತು. ಹಿರೋಳ್ಳಿಯ ಗಡಿಯಲ್ಲಿ ಕುಳಿತು, ಅಕ್ಕಲಕೋಟೆಯ ಕಡೆಯಿಂದ ಬರುವ ಬಂಡಿಗಳನ್ನು ಮಾತ್ರ ಎಣಿಸಿ, ಆಳಂದದ ಲಾಡ್ಲೆ ಮಶಾಕರ ಉರುಸಿಗೆ ಬಂದ ಜನವೆಷ್ಟೆಂದು ಹೇಳಿದ ಹಾಗೆ! ಕಲಬುರಗಿಯ ಹಾದಿಯಿಂದ ಬಂದವರು ಆ ಲೆಕ್ಕದಲ್ಲಿಲ್ಲ. ಹೊಲದ ದಾರಿಯಲ್ಲಿ ನಡೆದುಬಂದವರಂತೂ ಇಲ್ಲವೇ ಇಲ್ಲ. ಎಣಿಸುವವನು ಸುಳ್ಳುಗಾರನೆಂದಲ್ಲ; ಅವನು ಕುಳಿತ ಸ್ಥಳವೇ ಅವನ ಲೆಕ್ಕವನ್ನು ಕೆಡಿಸುತ್ತದೆ.

ಎಣಿಸುವವನು ಎಲ್ಲಿ ಕುಳಿತಿರುವನೆಂದು ಬಂಡಿಯವನಿಗೆ ತಿಳಿದ ಮೇಲಿನ ಕಥೆಯೇ ಬೇರೆ. ಅವನು ಒಂದೇ ಬಂಡಿಯನ್ನು ಹತ್ತು ಸಲ ಗಡಿ ದಾಟಿಸಬಲ್ಲನು. ಅಲೆಕ್ಸಾದ ಕಾಲದಲ್ಲಿ ನಡೆದುದೂ ಇದೇ. ತಾಣದ ಒಡೆಯರು ತಮ್ಮ ನೌಕರರಿಗೂ ನೆಂಟರಿಷ್ಟರಿಗೂ ಆ ಉಪಕರಣವನ್ನು ಹಾಕಿಸಿ ದಿನವೂ ತಮ್ಮ ಪುಟಗಳನ್ನು ತೆರೆಯಿಸುತ್ತಿದ್ದರು. ಕೂಲಿ ಪಡೆದು ಸ್ಥಾನವನ್ನು ಏರಿಸಿಕೊಡುವವರೂ ಹುಟ್ಟಿಕೊಂಡರು. ಪಟ್ಟಿಯ ತಲೆಯ ಭಾಗದಲ್ಲಿ ಇಂಥ ಆಟ ಸಾಗದು. ಅಲ್ಲಿ ಒಂದು ಮೆಟ್ಟಿಲು ಏರಲು ಅಗಣಿತ ಓದುಗರು ಬೇಕು. ಬಾಲದಲ್ಲಿಯಾದರೋ ಬೆರಳೆಣಿಕೆಯ ಜನ ಸಾವಿರಾರು ಸ್ಥಾನಗಳನ್ನು ಅಲುಗಾಡಿಸಬಲ್ಲರು. 1,00,000ದ ಆಚೆಯ ಸ್ಥಾನಗಳು ನಂಬಿಕೆಗೆ ಅರ್ಹವಲ್ಲವೆಂದು ಅಲೆಕ್ಸಾ ತಾನೇ ಎಚ್ಚರಿಸಿದ್ದಿತು. ಸಣ್ಣ ಸಾಹಿತ್ಯತಾಣಗಳ ವಾಸ ಸಹಜವಾಗಿಯೇ ಆ ಬಾಲದಲ್ಲಿ. ಯಾವ ಎಚ್ಚರಿಕೆಯು ಅವುಗಳಿಗೇ ಮುಖ್ಯವೋ ಅದನ್ನೇ ಓದದೆ ಅಂಕಿಯನ್ನು ಮಾತ್ರ ಮುಖಪುಟದಲ್ಲಿ ತೂಗುಹಾಕಿಕೊಂಡ ಸಂಪಾದಕರನ್ನು ಏನೆನ್ನಬೇಕು?

ಈ ದೌರ್ಬಲ್ಯವನ್ನು ಪರೀಕ್ಷಿಸಿ ತೋರಿಸಿದವರು ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾನಿಲಯದ ವಿದ್ವಾಂಸರೂ ಅವರ ಸಹಕಾರಿಗಳೂ. 2019ರಲ್ಲಿ ಪ್ರಕಟವಾದ ಅವರ ಪ್ರಬಂಧದಂತೆ, ಕೃತಕವಾದ ಒಂದೇ ಒಂದು ಕೋರಿಕೆಯಿಂದಲೂ ಅಲೆಕ್ಸಾ ಪಟ್ಟಿಯಲ್ಲಿ ತಾಣವೊಂದರ ಸ್ಥಾನವನ್ನು ಬದಲಿಸಬಹುದಾಗಿತ್ತು. ಉಳಿದ ಪಟ್ಟಿಗಳೂ ನಿರ್ದುಷ್ಟವಲ್ಲ. ಸಿಸ್ಕೋ ಸಂಸ್ಥೆಯ ಅಂಬ್ರೆಲಾ ಪಟ್ಟಿಯು ಯಂತ್ರಗಳು ವಿಳಾಸ ಕೇಳಿದುದನ್ನು ಎಣಿಸುವುದರಿಂದ, ಯಾರೂ ಓದದ, ಕೆಲವೊಮ್ಮೆ ಇಲ್ಲದೇ ಇರುವ ಹೆಸರುಗಳು ಕೂಡ ಅದರೊಳಗೆ ನುಸುಳುವುವು. ಮೆಜೆಸ್ಟಿಕ್ ಎಂಬುದು ಪರತಾಣಗಳಿಂದ ಬರುವ ಕೊಂಡಿಗಳನ್ನು ಎಣಿಸುವುದು. ಕೊಂಡಿಗಳಾದರೋ ಹಣಕ್ಕೆ ದೊರೆಯುವ ವಸ್ತು. ಇವನ್ನು ಹೋಲಿಸಿ ನೋಡಿದಾಗ ಎಲ್ಲವೂ ಒಮ್ಮತದಿಂದ ಹೇಳುವ ಹೆಸರುಗಳು ಅತ್ಯಲ್ಪವೆಂದು ಕಂಡುಬಂದಿತು. ಆ ವಿದ್ವಾಂಸರೇ ಟ್ರಾಂಕೋ ಎಂಬ ಇನ್ನೊಂದು ಪಟ್ಟಿಯನ್ನು ಕಟ್ಟಿದರು. ಅದು ಹಲವು ಪಟ್ಟಿಗಳನ್ನು 30 ದಿನಗಳ ಮಟ್ಟಿಗೆ ಬೆರಸಿ ನೋಡುವುದರಿಂದ ಒಂದು ದಿನದ ಮೋಸ ಅಲ್ಲಿ ಸುಲಭವಾಗಿ ಫಲಿಸದು.

ಕನ್ನಡಕ್ಕೆ ಇದರಿಂದಾದ ಅನ್ಯಾಯವು ಮೋಸಕ್ಕಿಂತಲೂ ಸೂಕ್ಷ್ಮವಾದುದು. ಅಲೆಕ್ಸಾದ ಉಪಕರಣವು ಮೇಜಿನ ಗಣಕಯಂತ್ರಕ್ಕೆಂದು ಆದುದು. ಹಿರೋಳ್ಳಿಯಂಥ ಊರಿನಲ್ಲಿ ಕೈಫೋನಿನಿಂದಲೇ ಕನ್ನಡವನ್ನು ಓದುವವನು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಇನ್ನು ಪುಟಗಳನ್ನು ಎಣಿಸುವ ಕ್ರಮ. ಒಂದು ಸುದ್ದಿಯನ್ನು ಹತ್ತು ತುಂಡು ಮಾಡಿ ಹತ್ತು ಪುಟಗಳಲ್ಲಿ ಹಂಚಿದವನಿಗೆ ಹತ್ತರಷ್ಟು ಮನ್ನಣೆ. ವಚನ ಸಂಚಯದಲ್ಲಿ ಒಂದು ಪದವನ್ನು ಹುಡುಕಿ, ದೊರೆತ ಒಂದು ವಚನದ ಮುಂದೆ ಅರ್ಧ ಗಳಿಗೆ ಕುಳಿತವನು ಆ ಲೆಕ್ಕದಲ್ಲಿ ಬರಿಯ ಒಂದು. ಓದು ಎಂದರೇನೆಂಬುದನ್ನೇ ಅರಿಯದ ಅಳತೆಗೋಲು ಇದು.

ಕನ್ನಡ ವಿಕಿಪೀಡಿಯದ ಗತಿ ಇನ್ನೂ ವಿಚಿತ್ರ. 2003ರಲ್ಲಿ ಆರಂಭವಾದ ಆ ವಿಶ್ವಕೋಶಕ್ಕೆ ಅಲೆಕ್ಸಾದಲ್ಲಿ ತನ್ನದೆಂಬ ಸ್ಥಾನವೇ ಇರಲಿಲ್ಲ. ಮೂಲ ಹೆಸರು ಒಂದೇ ಆದುದರಿಂದ ಇಂಗ್ಲಿಷಿನದೂ ಕನ್ನಡದ್ದೂ ಒಂದೇ ರಾಶಿಗೆ ಬಿದ್ದುವು. ಲೋಕದ ಮೊದಲ ಸಾಲಿನ ತಾಣಗಳಲ್ಲಿ ಕನ್ನಡವೂ ಅಡಗಿದ್ದಿತು, ಆದರೆ ಯಾರಿಗೂ ಕಾಣದಂತೆ. ಇದಕ್ಕೆ ಬದಲಾಗಿ ವಿಕಿಮೀಡಿಯ ಸಂಸ್ಥೆಯು ಒಂದೊಂದು ಭಾಷೆಯ ಓದಿನ ಲೆಕ್ಕವನ್ನೂ ದಿನದಿನಕ್ಕೆ ತಾನೇ ಪ್ರಕಟಿಸುತ್ತ ಬಂದಿದೆ. ಯಂತ್ರಗಳು ತೆರೆದ ಪುಟಗಳನ್ನು ಮನುಷ್ಯರು ತೆರೆದ ಪುಟಗಳಿಂದ ಆದಷ್ಟು ಬೇರ್ಪಡಿಸಿಯೂ ತೋರಿಸುತ್ತದೆ. ಅಂಕಿ ಚಿಕ್ಕದಿರಬಹುದು, ಆದರೆ ಆ ಖಾತೆಯ ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದು.