ಕಾಲಿನ್ ಜಾಕ್ಸನ್ ಬಾಗುವ ಚೆಂದ

110 ಮೀಟರ್ ಹರ್ಡಲ್ಸ್‌ನಲ್ಲಿ ಅಡೆಗಳು ಹತ್ತು. ಒಂದೊಂದೂ 106.7 ಸೆಂಟಿಮೀಟರ್ ಎತ್ತರ, ನಡುವೆ 9.14 ಮೀಟರ್ ಜಾಗ, ಅದರಲ್ಲಿ ಮೂರೇ ಹೆಜ್ಜೆ. ಈ ಇಕ್ಕಟ್ಟಿನೊಳಗೂ ವೇಲ್ಸ್‌ನ ಕಾಲಿನ್ ಜಾಕ್ಸನ್ ನಿರಾಳವಾಗಿ ಓಡುವಂತೆ ಕಾಣುತ್ತಿದ್ದರು.

ನಮ್ಮ ಕಣ್ಣು ಹೋಗುವುದು ಮುಂದೆ ಚಾಚಿದ ಕಾಲಿನತ್ತ. ನೋಡಬೇಕಾದದ್ದು ಹಿಂದಿನ ಕಾಲು: ಮೊಣಕಾಲು ಮಡಚಿ, ಪಕ್ಕಕ್ಕೆ ತೆರೆದುಕೊಂಡು, ಕಂಕುಳಿನ ಹತ್ತಿರಕ್ಕೆ ಏರಿ, ಅಡ್ಡಪಟ್ಟಿಯನ್ನು ಸವರುವಷ್ಟು ಸಮೀಪದಲ್ಲಿ ಹಾದು, ನೇರ ಮುಂದಿನ ಹೆಜ್ಜೆಯಾಗಿಬಿಡುತ್ತದೆ. ಎದೆ ತೊಡೆಯತ್ತ ಬಾಗಿರುವುದರಿಂದ ದೇಹ ಮೇಲೇಳುವುದೇ ಕಡಿಮೆ. ಅವರ ತಲೆಯನ್ನಷ್ಟೇ ನೋಡುತ್ತಿದ್ದರೆ ಅಡೆ ಎಲ್ಲಿ ದಾಟಿತೆಂದು ಹೇಳುವುದು ಕಷ್ಟ! ಗಾಳಿಯಲ್ಲಿದ್ದಾಗ ವೇಗ ಹೆಚ್ಚುವುದಿಲ್ಲವಲ್ಲ. ಬೇಗ ನೆಲಕ್ಕಿಳಿಯುವುದೇ ಇಲ್ಲಿಯ ಜಾಣತನ.

1993ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ 12.91 ಸೆಕೆಂಡಿನ ವಿಶ್ವದಾಖಲೆ. ಅದನ್ನು ಚೀನಾದ ಲಿಯು ಶಿಯಾಂಗ್ 2004ರಲ್ಲಿ ಸರಿಗಟ್ಟಿ, 2006ರಲ್ಲಿ ಮುರಿದರು. 1994ರ ಒಳಾಂಗಣ 60 ಮೀಟರ್ ಹರ್ಡಲ್ಸ್ ದಾಖಲೆ, 7.30 ಸೆಕೆಂಡು, 2021ರವರೆಗೂ ಅಲುಗಲಿಲ್ಲ.

ಅವರ ಇನ್ನೊಂದು ವಿದ್ಯೆ ಕೊನೆಯ ಗೆರೆಯಲ್ಲಿತ್ತು. ಗಡಿಯಾರ ನಿಲ್ಲುವುದು ಮುಂಡ ಗೆರೆ ಮುಟ್ಟಿದಾಗ. ತಲೆ, ಕೈ ಲೆಕ್ಕಕ್ಕಿಲ್ಲ. ಜಾಕ್ಸನ್ ತೋಳುಗಳನ್ನು ಹಿಂದಕ್ಕೆಸೆದು ಇಡೀ ಎದೆಯನ್ನೇ ಮುಂದೆ ಚೆಲ್ಲುತ್ತಿದ್ದರು. ಸ್ವಲ್ಪ ಬೇಗ ಬಾಗಿದರೆ ಹೆಜ್ಜೆ ಮುಗ್ಗರಿಸುತ್ತದೆ, ತಡವಾದರೆ ಪ್ರಯೋಜನವಿಲ್ಲ.

ಒಲಿಂಪಿಕ್ಸ್ ಚಿನ್ನ ಮಾತ್ರ ಒಲಿಯಲಿಲ್ಲ. 1988ರ ಸೋಲ್ ಬೆಳ್ಳಿಯೇ ಕೊನೆ. ಅದನ್ನೇ ಮುಂದಿಟ್ಟು ಅವರನ್ನು ಅಳೆಯುವವರ ಬಗ್ಗೆ ನನಗೆ ತಕರಾರಿದೆ. 1999ರಲ್ಲಿ, 32ರ ವಯಸ್ಸಿನಲ್ಲಿ, ಸೆವಿಲ್ಲೆಯಲ್ಲಿ ಅವರು ವಿಶ್ವ ಚಾಂಪಿಯನ್ ಆದರು.